ಮೈಸೂರಿಗೆ ಪ್ರಜಾಪ್ರಭುತ್ವ ತಂದದ್ದು ಬ್ರಿಟಿಷರಾ, ಒಡೆಯರಾ?

ಪ್ರಶ್ನೆ: "1881ರಲ್ಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು, ನಮ್ಮ ಅರಸರು ಅಷ್ಟು ಮುಂದಿದ್ದರು ಅಂತ ಒಬ್ಬರು ಹೇಳುತ್ತಾರೆ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳು ಆಳಿದ್ದರಿಂದ ಅದೆಲ್ಲ ಬಂತು ಅಂತ ಇನ್ನೊಬ್ಬರು. ಯಾವುದು ನಿಜ? ಇನ್ನೊಂದು ಮಾತು. ಅರಸರು ಅಷ್ಟು ಒಳ್ಳೆಯವರಾಗಿದ್ದರೆ ವಿದುರಾಶ್ವತ್ಥದಲ್ಲಿ, ಈಸೂರಿನಲ್ಲಿ ಜನ ತಿರುಗಿಬಿದ್ದದ್ದು ಯಾರ ಮೇಲೆ?"

ಉತ್ತರ: ಎರಡೂ ಅರ್ಧರ್ಧ ನಿಜ, ಹಾಗಾಗಿ ಈ ಜಗಳ ಮುಗಿಯುವುದೇ ಇಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟಿಷರು ಮೈಸೂರಿನಲ್ಲಿ ಕಟ್ಟಿದ್ದು ಕಚೇರಿಯನ್ನು. ಅರಸರು ಮತ್ತು ಅವರ ದಿವಾನರು ಆ ಕಚೇರಿಯ ಜಗಲಿಯಲ್ಲಿ ಜನಕ್ಕೆ ಕೂರಲು ಜಾಗ ಕೊಟ್ಟರು. ಜಗಲಿಗೆ ಬಂದು ಕೂತವರು ಮೊದಲು ತಕರಾರು ತೆಗೆದರು, ಆಮೇಲೆ ನಮಗೂ ಒಳಗೆ ಕೆಲಸ ಕೊಡಿ ಅಂದರು, ಕೊನೆಗೆ ಬೀಗದ ಕೈಯನ್ನೇ ಕೊಡಿ ಅಂದರು. ಈ ಮೂರನೆಯವರನ್ನು ಬಿಟ್ಟು ಕಥೆ ಹೇಳಿದರೆ ಯಾರೋ ಯಾರಿಗೋ ದಾನ ಕೊಟ್ಟ ಹಾಗೆ ಕೇಳಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಕಂಪನಿಯವರು ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡು, ಉಳಿದ ಭಾಗಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಪೂರ್ಣಯ್ಯ ದಿವಾನರಾದರು. ಪಕ್ಕದಲ್ಲಿ ಒಬ್ಬ ಬ್ರಿಟಿಷ್ ರೆಸಿಡೆಂಟ್. ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಕಂಪನಿಯ ಸೈನ್ಯದ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕು, ರೂಪಾಯಿ ಲೆಕ್ಕದಲ್ಲಿ 24.5 ಲಕ್ಷ. ಮಳೆ ಬರಲಿ ಬಿಡಲಿ ಇದು ತಪ್ಪುವ ಹಾಗಿಲ್ಲ. ತಪ್ಪುವ ಲಕ್ಷಣ ಕಂಡರೂ ಸಾಕು, ಆಡಳಿತವನ್ನು ಕಂಪನಿಯೇ ಕೈಗೆ ತೆಗೆದುಕೊಳ್ಳಬಹುದು ಅಂತಲೂ ಅದೇ ಒಪ್ಪಂದದಲ್ಲಿ ಬರೆದಿತ್ತು.

ಇಲ್ಲಿ ಎಲ್ಲರೂ ದುಡ್ಡಿನ ಮೊತ್ತ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಅದುವರೆಗೆ ಯಾವ ಅರಸನಾದರೂ ಸಿಂಹಾಸನದ ಮೇಲೆ ಉಳಿಯಬೇಕಾದರೆ ಪಾಳೆಯಗಾರರು, ಊರ ಗೌಡರು, ಮಠದವರು, ಹೀಗೆ ನಾಡಿನ ಬಲವಂತರ ಜೊತೆ ಹೊಂದಿಕೊಂಡು ಹೋಗಬೇಕಿತ್ತು. ಜಾಸ್ತಿ ಹಿಂಡಿದರೆ ಅವರು ಎದ್ದು ನಿಲ್ಲುತ್ತಿದ್ದರು. ಈಗ ಸಿಂಹಾಸನ ಕಾಯಲು ಕಂಪನಿಯ ಪಲ್ಟನ್ ಇದೆ. ಜನರ ಹತ್ತಿರ ಚೌಕಾಶಿ ಮಾಡುವ ಅಗತ್ಯವೇ ತಪ್ಪಿತು. ಬ್ರಿಟಿಷ್ ಆಳ್ವಿಕೆ ಮೈಸೂರಿನ ರಾಜಕೀಯದಲ್ಲಿ ಮಾಡಿದ ಮೊದಲ ಬದಲಾವಣೆ ಇದೇ, ಅದೂ ಒಬ್ಬ ಕಮಿಷನರೂ ಇಲ್ಲಿಗೆ ಕಾಲಿಡುವ ಮೊದಲೇ.

ಅದರ ಫಲ ಬೇಗ ಕಂಡಿತು. ಪೂರ್ಣಯ್ಯ 1811ರಲ್ಲಿ ಕೆಲಸ ಬಿಟ್ಟರು. ಆಮೇಲೆ ಕಂದಾಯಕ್ಕೆ ಷರತ್ತಿನ ಪದ್ಧತಿ ಬಂತು. ತಾಲ್ಲೂಕಿನಿಂದ ಇಷ್ಟು ಹಣ ಎತ್ತಿ ಕೊಡುತ್ತೇನೆ ಅಂತ ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ ಮುಂಚೆಯೇ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಯಾವ ಅಮಲ್ದಾರ ತನ್ನ ಕೈಯಿಂದ ತುಂಬುತ್ತಾನೆ ಹೇಳಿ? 1830ರ ಹೊತ್ತಿಗೆ ನಗರ ಸೀಮೆಯ, ಅಂದರೆ ಇಂದಿನ ಶಿವಮೊಗ್ಗ ಕಡೆಯ, ರೈತರಿಗೆ ಸಾಕಾಗಿಹೋಗಿತ್ತು. ಹಳ್ಳಿ ಹಳ್ಳಿಯವರು ಹೊಲ ಬಿಟ್ಟು ಒಂದೆಡೆ ಸೇರಿ ಕೂತರು. ಇದಕ್ಕೆ ಅವರು ಬಳಸಿದ ಮಾತು 'ಕೂಟ'. ಕೂಟ ಕಟ್ಟುವುದು ಅಂದರೆ ಕಂದಾಯ ಕಟ್ಟದೆ ಒಟ್ಟಿಗೆ ಕೂರುವುದು, ಅಮಲ್ದಾರ ಬಂದರೆ ಎಲ್ಲರೂ ಒಂದೇ ಮಾತು ಆಡುವುದು. ನಗರದ ಹಳೆಯ ಅರಸುಮನೆತನದವನು ನಾನು ಅಂತ ಹೇಳಿಕೊಂಡ ಬೂದಿ ಬಸವಪ್ಪ ಇದರ ಮುಂದಾಳಾದ. ತರೀಕೆರೆಯ ಪಾಳೆಯಗಾರರೂ ಸೇರಿದರು. ಅರಸರ ದಂಡಿನ ಜೊತೆ ಕಂಪನಿಯ ಪಡೆಯೂ ಹೋಗಿ ದಂಗೆಯನ್ನು ಅಡಗಿಸಿತು.

ಆ 'ಕೂಟ' ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. 1881ರ ಸಭೆಗೆ ಐವತ್ತು ವರ್ಷ ಮುಂಚೆಯೇ ಮೈಸೂರಿನ ರೈತರಿಗೆ ಸಭೆ ಸೇರುವುದು ಗೊತ್ತಿತ್ತು. ಯಾರೂ ಬಂದು ಕಲಿಸಬೇಕಿರಲಿಲ್ಲ. ಕೊಡಗು, ಸುಳ್ಯದ ಕಡೆಯ ಕಥೆಯೂ ಹತ್ತಿರ ಹತ್ತಿರ ಹೀಗೇ. 1834ರಲ್ಲಿ ಕೊಡಗನ್ನು ಕಂಪನಿ ಸೇರಿಸಿಕೊಂಡಿತು, ಸುಳ್ಯ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಹಾಕಿತು, ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. 1837ರಲ್ಲಿ ಆ ಜನ ದಂಡು ಕಟ್ಟಿಕೊಂಡು ಮಂಗಳೂರಿನವರೆಗೆ ಹೋದರು.

ನಗರದ ದಂಗೆಯನ್ನೇ ನೆಪ ಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ. ಮುಮ್ಮಡಿಯವರು ಅರಮನೆಯಲ್ಲೇ ಉಳಿದರು, ರಾಜ್ಯವನ್ನು ವಾಪಸ್ ಕೊಡಿ ಅಂತ ಪತ್ರ ಬರೆಯುತ್ತಾ ಬರೆಯುತ್ತಾ 1868ರಲ್ಲಿ ತೀರಿಕೊಂಡರು. ಒಂದು ಗೆಲುವು ಮಾತ್ರ ಅವರಿಗೆ ಸಿಕ್ಕಿತು. ಸಾಯುವ ಮೊದಲು ಅವರು ದತ್ತು ತೆಗೆದುಕೊಂಡಿದ್ದ ಹುಡುಗನನ್ನು ಲಂಡನ್ ಒಪ್ಪಿತು.

ಈಗ ಆ ಐವತ್ತು ವರ್ಷ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಅವನ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳನ್ನು ಹಳೆಯ ಗೆಜೆಟಿಯರ್ ಎಣಿಸಿ 769 ಅನ್ನುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ಇನ್ನೊಂದು, ತಲೆಕೂದಲು ತೆಗೆಸಿದರೆ ಮತ್ತೊಂದು. ಒಂದು ಹಳ್ಳಿಯವರು ಏಕೆ ತೆರಿಗೆ ಕಟ್ಟುತ್ತಿದ್ದರು ಗೊತ್ತಾ? ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಮುತ್ತಾತಂದಿರು ಅದನ್ನು ಹುಡುಕಿಕೊಡಲಿಲ್ಲವಂತೆ, ಅದಕ್ಕೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈ ಬೀಸಿಕೊಂಡು ನಡೆದರೂ ದುಡ್ಡು ಕೊಡಬೇಕಿತ್ತಂತೆ. ನಾನು ಇದನ್ನು ಮೊದಲ ಸಲ ಓದಿದಾಗ ಜೋರಾಗಿ ನಕ್ಕೆ. ಆಮೇಲೆ ಅನ್ನಿಸಿತು, ಬರೆದವರೂ ಅಧಿಕಾರಿಗಳೇ ಅಲ್ವಾ, ನಮಗಿಂತ ಹಿಂದಿನವರು ಎಷ್ಟು ಕೆಟ್ಟವರು ಅಂತ ತೋರಿಸುವ ಹುರುಪು ಅವರಿಗೂ ಇದ್ದೇ ಇರುತ್ತದೆ. ಏನೇ ಇರಲಿ, ತೆರಿಗೆ ಹೋದದ್ದು ನಿಜ, ರೈತನಿಗೆ ಉಸಿರಾಡುವ ಹಾಗಾದದ್ದೂ ನಿಜ.

ಅದರ ಜೊತೆಗೇ ಇನ್ನೊಂದು ನಡೆಯಿತು. ಅಧಿಕಾರದ ಮೆಟ್ಟಿಲುಗಳನ್ನು ನೇರ ಮಾಡಿದರು. ಊರಲ್ಲಿ ಪಟೇಲ, ಶಾನುಭೋಗ. ಹೋಬಳಿಗೆ ಶೇಕ್‌ದಾರ. ತಾಲ್ಲೂಕಿಗೆ ಅಮಲ್ದಾರ. ಅವನ ಮೇಲೆ ಬಿಳಿಯ ಸೂಪರಿಂಟೆಂಡೆಂಟ್. ಅವರೆಲ್ಲರ ಮೇಲೆ ಬೆಂಗಳೂರಿನಲ್ಲಿ ಕಮಿಷನರ್. ಅವನ ಮೇಲೆ ಕಲ್ಕತ್ತೆಯ ಗವರ್ನರ್ ಜನರಲ್. ಹೆಸರುಗಳಲ್ಲಿ ಎಷ್ಟೋ ಹಳೆಯವೇ, ಹೈದರ್ ಟಿಪ್ಪು ಕಾಲದವೂ ಇವೆ. ಹೊಸದೇನೆಂದರೆ ಎಲ್ಲವೂ ಬರವಣಿಗೆಯಲ್ಲಿ ಮೇಲಕ್ಕೆ ಹೋಗಬೇಕು, ಅಪ್ಪಣೆ ಬರವಣಿಗೆಯಲ್ಲಿ ಕೆಳಕ್ಕೆ ಬರಬೇಕು. ಬೌರಿಂಗ್ 1862ರಲ್ಲಿ ಕಮಿಷನರಾಗಿ ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. ಜಮೀನು ಅಳೆದು ಕಂದಾಯ ಗೊತ್ತುಮಾಡುವ ಸರ್ವೆ ಶುರುವಾಯಿತು. ಕಚೇರಿಗಳು ಎಷ್ಟು ಬೆಳೆದವು ಅಂದರೆ ಕೋಟೆಯೊಳಗಿನ ಟಿಪ್ಪುವಿನ ಅರಮನೆ ಸಾಲದೆ 1868ರಲ್ಲಿ ಹೊಸ ಕೆಂಪು ಕಟ್ಟಡಕ್ಕೆ ಹೋದವು. ಹದಿನೆಂಟು ಇಲಾಖೆಗಳಿಗೆ ಅಠಾರಾ ಕಚೇರಿ ಅಂತ ಹೆಸರು. ಇವತ್ತು ಹೈಕೋರ್ಟ್ ಇರುವುದು ಅಲ್ಲೇ.

ಇದರಿಂದ ರೈತನ ರಾಜಕೀಯವೇ ಬದಲಾಯಿತು. ಮೊದಲು ಅನ್ಯಾಯ ಆದರೆ ಕೂಟ ಕಟ್ಟಬೇಕು, ಇಲ್ಲವೇ ಊರು ಬಿಟ್ಟು ಹೋಗಬೇಕು. ಈಗ ಅರ್ಜಿ ಬರೆಯಬೇಕು. ಅರ್ಜಿ ಬರೆಯಲು ಅಕ್ಷರ ಬೇಕು, ಕಾನೂನು ಗೊತ್ತಿರಬೇಕು, ಯಾವ ಮೇಜಿಗೆ ಹೋಗಬೇಕು ಅಂತ ತಿಳಿದಿರಬೇಕು. ಹಾಗಾಗಿ ಓದಿದವರ ಕೈ ಮೇಲಾಯಿತು. ಮುಂದಿನ ಎಂಬತ್ತು ವರ್ಷದ ಜಗಳಗಳ ಬೀಜ ಇಲ್ಲೇ ಬಿದ್ದದ್ದು.

ಈ ಕಚೇರಿ ಎಷ್ಟು ಗಟ್ಟಿ ಅನ್ನುವುದು 1876ರಿಂದ 78ರ ಬರಗಾಲದಲ್ಲಿ ಗೊತ್ತಾಯಿತು. 1871ರ ಜನಗಣತಿಯಲ್ಲಿ ಮೈಸೂರಿನಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಇಷ್ಟು ಕುಗ್ಗಿತು. ಖಜಾನೆ ಖಾಲಿ, ಮೇಲೆ 80 ಲಕ್ಷ ಸಾಲ. ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಡಬೇಕು ಅನ್ನುವ ತೀರ್ಮಾನ ಮುಂಚೆಯೇ ಆಗಿತ್ತು, ಆದರೆ ಕೊಟ್ಟದ್ದು ಈ ಸ್ಥಿತಿಯಲ್ಲಿ, 1881ರ ಮಾರ್ಚ್ 25ರಂದು, ಹದಿನೆಂಟರ ಚಾಮರಾಜ ಒಡೆಯರಿಗೆ.

ಅದೂ ಕಟ್ಟುಪಾಡಿನ ಮೇಲೆ. ಜಾರಿಯಲ್ಲಿರುವ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪದೆ ಬದಲಿಸುವಂತಿಲ್ಲ. ಅವನು ಕೊಡುವ ಸಲಹೆಯನ್ನು ಮಹಾರಾಜರು ಕೇಳಲೇಬೇಕು. ಪೊಗದಿಯನ್ನು, ಅಂದರೆ ವರ್ಷ ವರ್ಷ ಕಟ್ಟುತ್ತಿದ್ದ ಆ 24.5 ಲಕ್ಷವನ್ನು, 35 ಲಕ್ಷಕ್ಕೆ ಏರಿಸಿದರು, ಬರಗಾಲದ ಮುಖ ನೋಡಿ ಆ ಏರಿಕೆಯನ್ನಷ್ಟೇ ಮುಂದಕ್ಕೆ ಹಾಕಿದರು. ಬೆಂಗಳೂರಿನ ದಂಡು ಪ್ರದೇಶವನ್ನು ತಾವೇ ಇಟ್ಟುಕೊಂಡರು. ಅಂದರೆ ಕಚೇರಿ ಹಾಗೇ ಉಳಿಯಿತು, ಮೇಲಿನ ಕುರ್ಚಿಯ ಹೆಸರು ಮಾತ್ರ ಬದಲಾಯಿತು.

ಆ ಕುರ್ಚಿಯ ಪಕ್ಕ ದಿವಾನರಾಗಿ ಬಂದು ಕೂತವರು ಸಿ. ರಂಗಾಚಾರ್ಲು. ಮದ್ರಾಸಿನ ಬ್ರಿಟಿಷ್ ಕಚೇರಿಗಳಲ್ಲೇ ಪಳಗಿದವರು, ಕಮಿಷನ್ ಕಾಲದಲ್ಲೇ ಮೈಸೂರಿಗೆ ಬಂದವರು. ಪ್ರಜಾಪ್ರತಿನಿಧಿ ಸಭೆ ಅವರ ಯೋಚನೆ. 1881ರ ಅಕ್ಟೋಬರ್ 7, ದಸರೆ ಸಮಯ, ಮೈಸೂರಿನಲ್ಲಿ ಮೊದಲ ಸಭೆ. 144 ಜನ ಬಂದಿದ್ದರು. ಯಾರು ಇವರು? ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುದಾರರು, ಜಿಲ್ಲೆಗೆ ಮೂರು ನಾಲ್ಕು ವ್ಯಾಪಾರಿಗಳು. ಯಾರೂ ವೋಟಿನಿಂದ ಬಂದವರಲ್ಲ. ದಿವಾನರು ಹಿಂದಿನ ವರ್ಷದ ಜಮಾ ಖರ್ಚು ಓದುತ್ತಾರೆ, ಮುಂದೆ ಏನು ಮಾಡುತ್ತೇವೆ ಅಂತ ಹೇಳುತ್ತಾರೆ, ಬಂದವರು ತಮ್ಮ ಕಡೆಯ ಕಷ್ಟ ಹೇಳಿಕೊಳ್ಳುತ್ತಾರೆ. ಮತಕ್ಕೆ ಹಾಕುವುದು ಇಲ್ಲ. ಬಜೆಟ್ ತಿರಸ್ಕರಿಸುವುದಂತೂ ಕನಸಿನ ಮಾತು.

ಹಾಗಾದರೆ ಸುಮ್ನೆ ತೋರಿಕೆಯಾ? ನನಗೆ ಹಾಗನ್ನಿಸುವುದಿಲ್ಲ. ತಾಲ್ಲೂಕಿನಲ್ಲಿ ಅಮಲ್ದಾರನ ಮುಂದೆ ಕೈಕಟ್ಟಿ ನಿಲ್ಲುವ ಒಬ್ಬ ಗೌಡ, ಅದೇ ಅಮಲ್ದಾರನ ಮೇಲಿನವರ ಮೇಲಿನವರ ಎದುರು ಕೂತು, ನಮ್ಮ ಕೆರೆ ಒಡೆದು ಎಷ್ಟೋ ವರ್ಷ ಆಯ್ತು, ಅರಣ್ಯದವರು ದನ ಮೇಯಿಸಲು ಬಿಡುತ್ತಿಲ್ಲ, ಕಂತು ಕಟ್ಟುವ ತಿಂಗಳು ಬೆಳೆ ಕೈಗೆ ಬರುವ ತಿಂಗಳಿಗೆ ಹೊಂದುತ್ತಿಲ್ಲ ಅಂತ ಹೇಳಬಹುದು. ಅದು ಅಚ್ಚಾಗಿ ದಾಖಲೆ ಸೇರುತ್ತದೆ. ಮುಂದಿನ ದಸರೆಗೆ ಬಂದಾಗ, ಹೋದ ವರ್ಷ ಹೇಳಿದ್ದು ಏನಾಯ್ತು ಸ್ವಾಮಿ ಅಂತ ಕೇಳಬಹುದು. ಒಂದೇ ಕಷ್ಟ ಕೋಲಾರದವನಿಗೂ ಶಿವಮೊಗ್ಗದವನಿಗೂ ಇದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ನಗರದ ಕೂಟದಲ್ಲಿ ಇದ್ದದ್ದು ಒಂದು ಸೀಮೆಯ ಜನ. ಇಲ್ಲಿ ಇಡೀ ಸಂಸ್ಥಾನ.

ರಂಗಾಚಾರ್ಲು ಇದನ್ನು ಮಾಡಿದ್ದು ಉದಾರತೆಯಿಂದಲಾ, ಜಾಣತನದಿಂದಲಾ ಅಂತ ಕೇಳುವವರಿದ್ದಾರೆ. ಎರಡೂ ಇತ್ತು ಅಂತ ನನ್ನ ಅಂದಾಜು. ಹೊಸದಾಗಿ ವಾಪಸ್ ಬಂದ ರಾಜ್ಯ, ಎಡವಿದರೆ ಮತ್ತೆ ಕಿತ್ತುಕೊಳ್ಳುವ ಭಯ. ಜನ ನಮ್ಮ ಜೊತೆ ಇದ್ದಾರೆ ಅಂತ ಕಲ್ಕತ್ತೆಗೆ ತೋರಿಸಬೇಕಿತ್ತು. ಹೀಗೆ ನೋಡಿದರೆ ನಿಮ್ಮ ಇಬ್ಬರು ಗೆಳೆಯರೂ ಒಂದೇ ಸಭೆಯ ಎರಡು ಬಾಗಿಲ ಹತ್ತಿರ ನಿಂತು ಮಾತಾಡುತ್ತಿದ್ದಾರೆ.

1891ರಿಂದ ಸದಸ್ಯರ ಆಯ್ಕೆಗೆ ಚುನಾವಣೆ ಬಂತು. ವೋಟು ಎಲ್ಲರಿಗೂ ಇರಲಿಲ್ಲ, ಹೆಚ್ಚು ಕಂದಾಯ ಕಟ್ಟುವವರಿಗೆ, ಓದಿದವರಿಗೆ. ಸಭೆಗೆ ಬಾಯಿ ಬಂದ ಹಾಗೆ ದಿವಾನರಿಗೆ ಕಿರಿಕಿರಿಯೂ ಜಾಸ್ತಿಯಾಯಿತು. ಆಗಿನ ದೊಡ್ಡ ಜಗಳ ನೌಕರಿಯದು. ಮೇಲಿನ ಜಾಗಗಳಲ್ಲಿ ಮದ್ರಾಸಿನಿಂದ ಬಂದವರು ತುಂಬಿದ್ದರು, ಮೈಸೂರು ಮೈಸೂರಿನವರಿಗೆ ಅನ್ನುವ ಕೂಗು ಎದ್ದಿತು. ತಾತಯ್ಯ ಅಂತ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು 'ವೃತ್ತಾಂತ ಚಿಂತಾಮಣಿ'ಯಂಥ ಪತ್ರಿಕೆಗಳಲ್ಲಿ ದಿವಾನರನ್ನು ಬಿಡದೆ ಪ್ರಶ್ನಿಸಿದರು. 1907ರಲ್ಲಿ ಕಾನೂನು ಚರ್ಚಿಸುವ ಎರಡನೇ ಸಭೆಯಾಗಿ ನ್ಯಾಯವಿಧಾಯಕ ಸಭೆ ಬಂತು, ಮರುವರ್ಷವೇ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯೂ ಬಂತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವುದನ್ನು ಮೈಸೂರಿನ ದಿವಾನಗಿರಿ ಬ್ರಿಟಿಷರಿಂದ ಚೆನ್ನಾಗಿಯೇ ಕಲಿತಿತ್ತು.

ಮದ್ರಾಸಿನವರ ಜಗಳ ತಣ್ಣಗಾಗುವಷ್ಟರಲ್ಲಿ ಅದಕ್ಕಿಂತ ಆಳದ ಪ್ರಶ್ನೆ ಎದ್ದಿತು. ಮೈಸೂರಿನವರಿಗೆ ಅಂದರೆ ಯಾವ ಮೈಸೂರಿನವರಿಗೆ? ಅರ್ಜಿಯ ಕಾಲದಲ್ಲಿ ಅಕ್ಷರವಿದ್ದವರ ಕೈ ಮೇಲಾಯಿತು ಅಂದೆನಲ್ಲ, ಅವರಲ್ಲಿ ಹೆಚ್ಚುಪಾಲು ಬ್ರಾಹ್ಮಣರು. ಕಚೇರಿಯೂ ಅವರದೇ ಆಗಿತ್ತು. ಇತ್ತ ಜನಗಣತಿ ಪ್ರತಿ ಜಾತಿಯ ತಲೆಯನ್ನೂ ಎಣಿಸಿ ಪಟ್ಟಿ ಮಾಡಿಟ್ಟಿತ್ತು. ನಾವು ಇಷ್ಟು ಜನ ಇದ್ದೇವೆ, ಕಚೇರಿಯಲ್ಲಿ ಎಷ್ಟು ಜನ ಇದ್ದೇವೆ ಅಂತ ಕೇಳಲು ಅಂಕಿ ಕೈಗೆ ಸಿಕ್ಕಿತು. 1906ರಲ್ಲಿ ಒಕ್ಕಲಿಗರ ಸಂಘ, 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ಇಂಥ ಕ್ರಮವನ್ನು ಒಪ್ಪದಿದ್ದ ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. ಇವತ್ತಿಗೂ ಮೀಸಲಾತಿಯ ಮಾತು ಬಂದರೆ ಕರ್ನಾಟಕದಲ್ಲಿ ಮಿಲ್ಲರ್ ಹೆಸರು ಬರುವುದು ಇದಕ್ಕೇ. ಇದನ್ನು ಬ್ರಿಟಿಷರ ಒಡೆದು ಆಳುವ ನೀತಿ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಎಣಿಸಿದ್ದು ಅವರು ನಿಜ. ಆದರೆ ಕೇಳಿದವರ ಹೊಟ್ಟೆಯುರಿ ಅವರದೇ ಸ್ವಂತದ್ದು.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾರ ಮೇಲೆ ತಿರುಗಿಬಿದ್ದರು?

ಇದಕ್ಕೆ ಮೊದಲು ಒಂದು ವಿಚಿತ್ರ ನೋಡಿ. 1881ರಲ್ಲಿ ಮೈಸೂರು ಎಲ್ಲರಿಗಿಂತ ಮುಂದಿತ್ತು. ಧಾರವಾಡ, ಬಳ್ಳಾರಿಯವರಿಗೆ ಅಂಥ ಸಭೆಯ ಕನಸೂ ಇರಲಿಲ್ಲ. 1937ಕ್ಕೆ ಬನ್ನಿ. ಧಾರವಾಡದವರು ಬೊಂಬಾಯಿ ಪ್ರಾಂತದಲ್ಲಿ, ಬಳ್ಳಾರಿಯವರು ಮದ್ರಾಸ್ ಪ್ರಾಂತದಲ್ಲಿ ವೋಟು ಹಾಕಿ ಕಾಂಗ್ರೆಸ್ ಮಂತ್ರಿಮಂಡಲಗಳನ್ನು ತಂದಾಗಿತ್ತು. ಮೈಸೂರಿನಲ್ಲಿ ಎರಡೆರಡು ಸಭೆಗಳಿದ್ದೂ ದಿವಾನರನ್ನು ಇಳಿಸುವ ಅಧಿಕಾರ ಒಂದಕ್ಕೂ ಇಲ್ಲ. ಮೊದಲು ಹೊರಟವರು ಹಿಂದೆ ಉಳಿದರು. ಯಾಕೆ ಅಂದರೆ ಮೈಸೂರು 'ಮಾದರಿ ಸಂಸ್ಥಾನ'. ಕನ್ನಂಬಾಡಿ ಕಟ್ಟೆ, ಕರೆಂಟು, ಕಾರ್ಖಾನೆ, ವಿಶ್ವವಿದ್ಯಾನಿಲಯ ಎಲ್ಲ ಇದೆ, ಮಹಾರಾಜರ ಮೇಲೆ ಜನಕ್ಕೆ ಪ್ರೀತಿ ಇದೆ, ಇನ್ನೇನು ಬೇಕು ಅಂತ ಎಲ್ಲರೂ ಕೇಳುತ್ತಿದ್ದರು. ಕಾಂಗ್ರೆಸ್ ಕೂಡ ಸಂಸ್ಥಾನಗಳ ಒಳಗೆ ಕೈ ಹಾಕುತ್ತಿರಲಿಲ್ಲ. 1938ರ ಫೆಬ್ರವರಿಯಲ್ಲಿ ಹರಿಪುರದ ಅಧಿವೇಶನದಲ್ಲೂ, ನಿಮ್ಮ ಹೋರಾಟ ನೀವೇ ಮಾಡಿಕೊಳ್ಳಿ ಅನ್ನುವ ಧಾಟಿಯಲ್ಲೇ ನಿರ್ಣಯವಾಯಿತು.

ಮಾಡಿಕೊಂಡರು. ಅದೇ ವರ್ಷ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದರು. ಎರಡು ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಗುಂಡು ಹಾರಿಸಿದ್ದು ಬ್ರಿಟಿಷರ ಪೊಲೀಸರಲ್ಲ, ಮೈಸೂರು ಸರ್ಕಾರದವರು. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ದಿವಾನ ಮಿರ್ಜಾ ಇಸ್ಮಾಯಿಲ್ ಜೊತೆ ಕೂತು ಮಾತಾಡಿದರು. ಕಾಂಗ್ರೆಸ್ ಬಾವುಟದ ಜೊತೆ ಮೈಸೂರಿನ ಗಂಡಭೇರುಂಡದ ಬಾವುಟವೂ ಹಾರಬೇಕು ಅಂತ ಒಪ್ಪಂದವಾಯಿತು. ಹೋರಾಟಗಾರರಿಗೆ ಮಹಾರಾಜರ ಬಾವುಟದ ಮೇಲೆ ಕೋಪ ಇರಲಿಲ್ಲ ಅನ್ನುವುದು ಇದರಲ್ಲೇ ಕಾಣುತ್ತದೆ. ಅವರು ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದವರಿಗೆ ಉತ್ತರ ಕೊಡಬೇಕಾದ ಸರ್ಕಾರ, ಅದೂ ಮಹಾರಾಜರ ಆಶ್ರಯದಲ್ಲಿ. ಕೋಪವೆಲ್ಲ ದಿವಾನರ ಮೇಲೆ, ಅಮಲ್ದಾರರ ಮೇಲೆ, ಪೊಲೀಸರ ಮೇಲೆ. ಕಬ್ಬನ್ ನೇರ ಮಾಡಿಟ್ಟ ಅದೇ ಮೆಟ್ಟಿಲುಗಳ ಮೇಲೆ.

1947ರಲ್ಲೂ ಹೀಗೇ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜನರ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಶುರುವಾಯಿತು. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಬೀದಿಯ ಕೂಗು 'ಆರ್ಕಾಟ್ ಬಾಯ್ಕಾಟ್'. ಕೂಗು ದಿವಾನರ ಹೆಸರು ಹಿಡಿಯಿತು, ಒಡೆಯರದ್ದನ್ನಲ್ಲ. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ದೊರೆತನ ಹಾಗೇ ಉಳಿಯಿತು.

ಈಸೂರನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಅದು 1942ರ ಸೆಪ್ಟೆಂಬರ್, ಶಿಕಾರಿಪುರ ತಾಲ್ಲೂಕು, ಹಳೆಯ ನಗರ ಸೀಮೆಯದೇ ನೆಲ. ಕಂದಾಯ ವಸೂಲಿಗೆ ಬಂದ ಪಟೇಲ, ಶಾನುಭೋಗರ ಕೈಯಿಂದ ಜನ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಊರು ಸ್ವತಂತ್ರ ಅಂತ ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕಿದರು. 1830ರಲ್ಲಾಗಿದ್ದರೆ ಇದಕ್ಕೆ ಕೂಟ ಅನ್ನುತ್ತಿದ್ದರು. ಕೆಲವು ದಿನದಲ್ಲೇ ಅಧಿಕಾರಿಗಳು ಊರಿಗೆ ಬಂದಾಗ ಗಲಾಟೆಯಾಗಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಊರಿನ ಮೇಲೆ ಪೊಲೀಸರು, ಸೈನ್ಯ ಬಿತ್ತು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು.

ಆ ನಡುವಿನ ಕೆಲವೇ ದಿನ ಈಸೂರಿಗೆ ತನ್ನದೇ ಸರ್ಕಾರ ಇತ್ತು. ಅದರಲ್ಲಿ ಅವರು ರಾಜನನ್ನು ಮಾಡಲಿಲ್ಲ, ದಿವಾನನನ್ನೂ ಮಾಡಲಿಲ್ಲ. ಊರಿನ ಇಬ್ಬರು ಹುಡುಗರನ್ನು ಆರಿಸಿದರು. ಒಬ್ಬನಿಗೆ ಅಮಲ್ದಾರ ಅಂತ ಹೆಸರು ಕೊಟ್ಟರು, ಇನ್ನೊಬ್ಬನಿಗೆ ಸಬ್ ಇನ್‌ಸ್ಪೆಕ್ಟರ್ ಅಂತ.